ಬೆನ್ನ ಮೇಲಿನ ಹಿಮ

ಮೂರು ಚಳಿಗಾಲದ ಹಿಂದಿನ ಮಾತು. ರಾತ್ರಿಯಿಡೀ ಹಿಮ ಬಿದ್ದು ಬೆಳಗಿನ ಜಾವ ನಿಂತಿತ್ತು. ನಾನು ಲಾಯಕ್ಕೆ ಹೋದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕುದುರೆಗಳನ್ನು ಬಿಡುವ ಬಯಲಿನ ಮೂಲೆಯಲ್ಲಿ ಮೂರು ಕಡೆ ಗೋಡೆ, ಮೇಲೊಂದು ಸೂರು ಇರುವ ಕೊಟ್ಟಿಗೆ ಇದೆ. ಅದಕ್ಕೆ ಬಾಗಿಲಿಲ್ಲ. ಬೇಕೆನಿಸಿದಾಗ ಒಳಗೆ ಹೋಗಬಹುದು, ಬೇಡವೆಂದರೆ ಹೊರಗಿರಬಹುದು. ನಾನು ಸವಾರಿ ಮಾಡುವ ಕಂದು ಕುದುರೆ ಹೊರಗೇ ನಿಂತಿದ್ದ. 18 ವರ್ಷದವನು. ಗಾಳಿಗೆ ಬೆನ್ನು ಮಾಡಿ, ಬಾಲವನ್ನು ತೊಡೆಗಳಿಗೆ ಅಂಟಿಸಿಕೊಂಡು, ತಲೆ ತಗ್ಗಿಸಿ ನಿಂತಿದ್ದ. ಅವನ ಬೆನ್ನ ಮೇಲೆ ನಾಲ್ಕು ಬೆರಳು ದಪ್ಪ ಹಿಮ ಕೂತಿತ್ತು. ಜೂಲಿನ ಎಳೆ ಎಳೆಯಲ್ಲೂ ಹಿಮ. ರೆಪ್ಪೆಯ ಮೇಲೂ ಹಿಮ. ನನಗೆ ಕರುಳು ಕಿವುಚಿದಂತಾಯಿತು. ಇಡೀ ರಾತ್ರಿ ಹೀಗೇ ನಿಂತಿದ್ದನಾ, ಯಾರೂ ನೋಡಲಿಲ್ವಾ ಅಂದುಕೊಂಡು ಲಾಯದೊಳಗೆ ಓಡಿದೆ. ಇದ್ದುದರಲ್ಲೇ ದಪ್ಪನೆಯ ಕಂಬಳಿ ಎಳೆದುಕೊಂಡು ಬಂದೆ.

ಲಾಯ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಬದುಕೆಲ್ಲ ಕುದುರೆಗಳ ಜೊತೆಯೇ ಕಳೆದವರು. ಮಾತು ಕಡಿಮೆ. ಹುಲ್ಲಿನ ಗಾಡಿ ತಳ್ಳಿಕೊಂಡು ಬರುತ್ತಿದ್ದವರು ನನ್ನ ಕೈಯಲ್ಲಿದ್ದ ಕಂಬಳಿ ನೋಡಿ ನಿಂತರು. "ಯಾರಿಗೆ ಚಳಿ?" ಅಂದರು. "ಇವನಿಗೇ. ನೋಡಿ, ಹಿಮದಲ್ಲಿ ಮುಚ್ಚಿಹೋಗಿದ್ದಾನೆ" ಅಂದೆ. ಅವರು ಗಾಡಿ ಬಿಟ್ಟು ಹತ್ತಿರ ಬಂದರು. "ಆ ಹಿಮ ಕರಗಿದೆಯಾ ನೋಡು." ನೋಡಿದೆ. ಕರಗಿರಲಿಲ್ಲ. ಈಗ ತಾನೇ ಜರಡಿ ಹಿಡಿದ ಹಾಗೆ ಪುಡಿಪುಡಿಯಾಗಿಯೇ ಇತ್ತು. "ಕೈಗವಸು ತೆಗೆದು ಬೆರಳು ಒಳಗೆ ಹಾಕು." ಹಿಮ ಸರಿಸಿ ಕೂದಲೊಳಗೆ ಬೆರಳು ತೂರಿಸಿದೆ. ಮೇಲೆ ಕೈ ಮರಗಟ್ಟುವಷ್ಟು ಥಂಡಿ. ಕೂದಲ ಬುಡದಲ್ಲಿ, ಚರ್ಮದ ಹತ್ತಿರ, ಆಗಷ್ಟೇ ಎದ್ದುಹೋದವರ ಹಾಸಿಗೆಯಲ್ಲಿ ಇರುತ್ತದಲ್ಲ, ಅಂಥ ಬಿಸಿ. ಒಂದು ಹನಿ ಪಸೆಯೂ ಇಲ್ಲ. ನನಗೆ ಕೈ ಹೊರಗೆ ತೆಗೆಯಲು ಮನಸ್ಸೇ ಬರಲಿಲ್ಲ. "ಒಳಗಿನ ಬಿಸಿ ಹೊರಗೆ ಸೋರಿದ್ದರೆ ಹಿಮ ನೀರಾಗಿರೋದು" ಅಂದು ಅವರು ಗಾಡಿ ತಳ್ಳಿಕೊಂಡು ಮುಂದೆ ಹೋದರು.

"ಯಾರಿಗೆ ಚಳಿ?" ಅನ್ನುವ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹಿಮದಲ್ಲಿ ಕುದುರೆ ಏರುವಾಗಲೆಲ್ಲ ಕೇಳಿಕೊಳ್ಳುತ್ತೇನೆ. ನನ್ನ ಮೈಗೆ ಆಗುತ್ತಿರುವುದೇ ಅವನ ಮೈಗೂ ಆಗುತ್ತಿದೆ ಅಂದುಕೊಳ್ಳುವುದು ತುಂಬಾ ಸುಲಭ. ಪ್ರೀತಿ ಇದೆ, ಅದಕ್ಕೇ ಅಂದುಕೊಳ್ಳುತ್ತೇವೆ. ಆದರೆ ಆ ಪ್ರೀತಿಯ ಭರದಲ್ಲಿ ಅವನಿಗೆ ನಿಜವಾಗಿ ಬೇಕಾದದ್ದು ಕಣ್ಣಿಗೇ ಬೀಳದೆ ಹೋಗುತ್ತದೆ. ನನ್ನ ವಿಷಯದಲ್ಲಿ ಹಾಗೆ ಆಗಿದೆ. ಅದರಿಂದ ಅವನು ಒಮ್ಮೆ ಬಿದ್ದೂ ಇದ್ದಾನೆ. ಅದನ್ನು ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಂಡಿದ್ದೆ.

ಅವನದೇ ಕಂಬಳಿ

ಕುದುರೆಗೆ ಚಳಿಗಾಲದ ಕೂದಲು ಚಳಿ ಬಂದ ಮೇಲೆ ಬೆಳೆಯುತ್ತದೆ ಅಂತ ನಾನೂ ನಂಬಿದ್ದೆ. ಹಾಗಲ್ಲ. ಬೇಸಿಗೆಯ ನಡುವೆ, ಹಗಲು ನಿಮಿಷ ನಿಮಿಷವಾಗಿ ಚಿಕ್ಕದಾಗತೊಡಗಿದಾಗಲೇ ಅದರ ತಯಾರಿ ಶುರುವಾಗುತ್ತದೆ. ಕಣ್ಣಿಗೆ ಬೀಳುವ ಬೆಳಕಿನ ಹೊತ್ತು ಕಡಿಮೆಯಾದಂತೆ ಮೈಯಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಹೆಚ್ಚು ಹೊತ್ತು ಇರುತ್ತದೆ. ಕೂದಲಿಗೆ ಅದೇ ಸೂಚನೆ. ನಾವು ಸೆಕೆ ಸೆಕೆ ಅನ್ನುತ್ತಿರುವಾಗ ಅವನ ಮೈ ಹಿಮಕ್ಕೆ ಸಿದ್ಧವಾಗುತ್ತಿರುತ್ತದೆ. ಹಾಗೇ ಚಳಿ ಇನ್ನೂ ಏರುತ್ತಿರುವಾಗಲೇ, ಹಗಲು ಉದ್ದವಾಗತೊಡಗಿದ ಕೂಡಲೇ, ಉದುರಿಸುವ ತಯಾರಿ. ಪ್ರದರ್ಶನಕ್ಕೆ ಒಯ್ಯುವ ಕುದುರೆಗಳ ಕೂದಲು ಉದ್ದ ಬೆಳೆಯಬಾರದು ಅಂತ ಲಾಯದಲ್ಲಿ ದೀಪ ಉರಿಸಿ ದಿನಕ್ಕೆ 16 ಗಂಟೆ ಬೆಳಕು ಕೊಡುವವರಿದ್ದಾರೆ. ಅದು ಕೆಲಸ ಮಾಡುವುದೂ ಇದೇ ಕಾರಣಕ್ಕೆ.

ಆ ಕೂದಲಿನ ಒಂದೊಂದು ಬುಡದಲ್ಲೂ ಒಂದು ಪುಟ್ಟ ಸ್ನಾಯು ಇದೆ. ಚಳಿ ತಾಕಿದರೆ ಅದು ಕೂದಲನ್ನು ನೆಟ್ಟಗೆ ನಿಲ್ಲಿಸುತ್ತದೆ. ನಮಗೆ ರೋಮ ನಿಮಿರುತ್ತದಲ್ಲ, ಅದೇ. ನಮ್ಮ ಮೈಮೇಲೆ ಕೂದಲು ಅಷ್ಟಿಲ್ಲ, ಹಾಗಾಗಿ ಪ್ರಯೋಜನ ಇಲ್ಲ. ಅವನಿಗೆ ಕೂದಲ ನಡುವೆ ಗಾಳಿ ಸಿಕ್ಕಿಕೊಂಡು ದಪ್ಪನೆಯ ಪದರವೇ ಆಗುತ್ತದೆ. ಅದರ ಮೇಲೆ ತೆಳ್ಳನೆಯ ಕಂಬಳಿ ಹೊದಿಸಿದರೆ ನಿಂತ ಕೂದಲು ಮಲಗಿಬಿಡುತ್ತದೆ, ಗಾಳಿ ಹೋಗುತ್ತದೆ. ಒಳ್ಳೆಯದು ಮಾಡಲು ಹೋಗಿ ಇದ್ದದ್ದನ್ನೂ ಕಳೆದ ಹಾಗೆ. ಪಶುವೈದ್ಯರು ಒಂದು ಲೆಕ್ಕ ಹೇಳುತ್ತಾರೆ: ಮೈ ಬಿಸಿ ಉಳಿಸಿಕೊಳ್ಳಲು ಪ್ರಾಣಿ ಹೆಚ್ಚುವರಿ ಶಕ್ತಿ ಖರ್ಚು ಮಾಡಲೇಬೇಕಾದ ಉಷ್ಣತೆಯ ಗೆರೆ. ಬೇಸಿಗೆಯ ಕೂದಲಿರುವ ಕುದುರೆಗೆ ಅದು ಸುಮಾರು 5 ಡಿಗ್ರಿ ಸೆಲ್ಸಿಯಸ್. ಚಳಿಗಾಲದ ಪೂರ್ತಿ ಕೂದಲು ಬಂದಿದ್ದು, ಮೈ ಒಣಗಿದ್ದು, ಗಾಳಿ ಇಲ್ಲದಿದ್ದರೆ ಮೈನಸ್ 8ರಿಂದ ಮೈನಸ್ 15ರವರೆಗೂ ಹೋಗುತ್ತದೆ. ಬಟ್ಟೆ ಇಲ್ಲದ ಮನುಷ್ಯನಿಗೆ ಅದೇ ಗೆರೆ ಸುಮಾರು 27-28 ಡಿಗ್ರಿ! ನಾನು ಅವನ ಬಗ್ಗೆ ಕನಿಕರ ಪಟ್ಟ ಬೆಳಗ್ಗೆ ಮೈನಸ್ 6 ಇತ್ತು. ನಾನು ನನ್ನ ಗೆರೆಯಿಂದ ಅವನ ಚಳಿ ಅಳೆಯುತ್ತಿದ್ದೆ.

ಇನ್ನು ಒಳಗಿನ ಒಲೆ. ಕುದುರೆ ತಿಂದ ಒಣಹುಲ್ಲು ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ಬಂದ ಮೇಲೆ ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. 100 ಲೀಟರಿಗೂ ಹೆಚ್ಚು ಹಿಡಿಸುವ ಜಾಗ ಅದು. ಹುದುಗುವಾಗ ಬಿಸಿ ಹುಟ್ಟುತ್ತದೆ, ಗಂಟೆಗಟ್ಟಲೆ ಹುಟ್ಟುತ್ತಲೇ ಇರುತ್ತದೆ. ಧಾನ್ಯ ಬೇಗ ಜೀರ್ಣವಾಗಿ ಮುಗಿದುಹೋಗುತ್ತದೆ. ಹುಲ್ಲು ಹೊಟ್ಟಿನ ಬೆಂಕಿಯಂತೆ ಒಳಗೊಳಗೇ ಕಾಯುತ್ತದೆ. ಅದಕ್ಕೇ ಆ ಹಿರಿಯರು ಅಂದು ಕಂಬಳಿ ತರಲಿಲ್ಲ, ಹುಲ್ಲಿನ ಗಾಡಿ ತಂದಿದ್ದರು. ಮಂಗೋಲಿಯಾದಲ್ಲಿ 'ಜುಡ್' ಅಂತ ಒಂದು ಮಾತಿದೆ, ದನಕರು ಸಾಯುವ ಕೆಟ್ಟ ಚಳಿಗಾಲಕ್ಕೆ. 2009-10ರ ಜುಡ್‌ನಲ್ಲಿ ಅಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಚಳಿ ಭೀಕರವಾಗಿತ್ತು, ನಿಜ. ಆದರೆ ಮೊದಲೇ ಬೇಸಿಗೆಯಲ್ಲಿ ಮೇವು ಸರಿಯಾಗಿ ಸಿಗದೆ ಬಡಕಲಾದ ಪ್ರಾಣಿಗಳು ಅವು. ಆಮೇಲೆ ಹುಲ್ಲಿನ ಮೇಲೆ ಹಿಮ ಗಟ್ಟಿಯಾಗಿ ಕೂತು ಬಾಯಿಗೆ ಎಟುಕದಂತಾಯಿತು. ಹೊಟ್ಟೆಯಲ್ಲಿ ಹುಲ್ಲಿಲ್ಲದೆ ಹೋದರೆ ಯಾವ ಕೂದಲೂ ಕಾಯುವುದಿಲ್ಲ.

ಹಾಗಂತ ಕಂಬಳಿಯೇ ಬೇಡ ಅನ್ನುತ್ತಿಲ್ಲ. ಮುದಿಯಾದ, ಸೊರಗಿದ, ಕಾಯಿಲೆಯಿಂದ ಎದ್ದ, ಕೂದಲು ಕತ್ತರಿಸಿದ ಕುದುರೆಗೆ ಬೇಕೇ ಬೇಕು. ಮಳೆ ಬಂದು ಗಾಳಿ ಬೀಸಿದರಂತೂ ಗಟ್ಟಿಮುಟ್ಟಾದ ಕುದುರೆಯೂ ನಡುಗುತ್ತದೆ. ಕೂದಲು ನೆನೆದು ಚರ್ಮಕ್ಕೆ ಅಂಟಿತು ಅಂದರೆ ಅದರೊಳಗಿನ ಗಾಳಿ ಹೋಯಿತು. ಮೈನಸ್ 10ರ ಒಣ ಹಿಮಕ್ಕಿಂತ 2 ಡಿಗ್ರಿಯ ಜಡಿಮಳೆ ಅವನಿಗೆ ಕಷ್ಟ. ನಮ್ಮ ಮನಸ್ಸು ಇದನ್ನು ಒಪ್ಪುವುದು ನಿಧಾನ. ಹಿಮ ಕಂಡರೆ ಅಯ್ಯೋ ಅನ್ನುತ್ತೇವೆ, ಮಳೆ ಕಂಡರೆ ಸುಮ್ನೆ ಇದ್ದುಬಿಡುತ್ತೇವೆ.

ಕಾಲಡಿಯ ಕಬ್ಬಿಣ

ಅದೇ ಚಳಿಗಾಲದ ಕೊನೆಯ ಹೊತ್ತು. ಉಷ್ಣತೆ ಸೊನ್ನೆಯ ಆಚೀಚೆ ಇತ್ತು. ಬಿಸಿಲು ಬಂದಿತ್ತು. ತಿಂಗಳುಗಟ್ಟಲೆ ಕೊರೆದ ಚಳಿ ಬಿಟ್ಟಿತು, ಇಂದು ಕುದುರೆಗೂ ಹಾಯಾಗಿರುತ್ತದೆ ಅಂತ ಖುಷಿಯಲ್ಲಿ ಹೊರಟೆ. ಕಡಿವಾಣದ ಕಬ್ಬಿಣ ತಣ್ಣಗಿರುತ್ತದೆ ಅಂತ ಕಂಕುಳಲ್ಲಿಟ್ಟು ಬಿಸಿ ಮಾಡಿ ಅವನ ಬಾಯಿಗೆ ಕೊಟ್ಟೆ. ಬೆನ್ನು ಉಜ್ಜಿ, ಹಿಮ ಕೊಡವಿ, ಜೀನು ಬಿಗಿದೆ. ನಾನು ಎರಡು ಜೊತೆ ಕಾಲುಚೀಲ ಹಾಕಿದ್ದೆ. ಗೊರಸು ಕೆರೆಯುವ ಕೊಕ್ಕೆ ಮಾತ್ರ ಲಾಯದ ಮೊಳೆಯಲ್ಲೇ ನೇತಾಡುತ್ತಿತ್ತು. ಅದರ ನೆನಪೇ ಆಗಲಿಲ್ಲ.

ಅರ್ಧ ಗಂಟೆ ಹೋಗಿರಬೇಕು. ನನ್ನ ಕೆಳಗೆ ಏನೋ ಬದಲಾಗಿದೆ ಅನ್ನಿಸಿತು. ಅವನು ಸ್ವಲ್ಪ ಎತ್ತರವಾದ ಹಾಗೆ. ಹೆಜ್ಜೆ ಇಡುವಾಗ ಗೊರಸು ನೆಲಕ್ಕೆ ಕೂರುವ ಬದಲು ಒಂದು ಕ್ಷಣ ಅತ್ತಿತ್ತ ಓಲಾಡಿ ಆಮೇಲೆ ನಿಲ್ಲುತ್ತಿತ್ತು. ಗಾಲಿ ಸಡಿಲಾದ ಬಂಡಿಯ ಮೇಲೆ ಕೂತ ಹಾಗೆ. ಆಗಲೇ ಇಳಿಯಬೇಕಿತ್ತು. ಹಿಮ ಆಳವಾಗಿದೆ, ಅದಕ್ಕೇ ಹೀಗೆ ಅಂದುಕೊಂಡು ಮುಂದೆ ಹೋದೆ. ದಾರಿ ಇಳಿಜಾರಾಯಿತು. ಬಲಗಡೆಯ ಮುಂಗಾಲು ಹೊರಳಿತು. ಅವನು ಮಂಡಿ ಊರಿ ಕುಸಿದ. ನಾನು ಅವನ ಭುಜದ ಮೇಲಿಂದ ಜಾರಿ ಹಿಮದೊಳಗೆ ಬಿದ್ದೆ. ನನಗೇನೂ ಆಗಲಿಲ್ಲ. ಅವನು ಒಂದೆರಡು ಸಲ ಎದ್ದೇಳಲು ಹೋಗಿ ಜಾರಿದ. ಕೊನೆಗೆ ನಾಲ್ಕೂ ಕಾಲು ಅಗಲಿಸಿ ನಿಂತ. ಮೂಗಿನ ಹೊಳ್ಳೆ ಅರಳಿತ್ತು. ಓಡಿಹೋಗಲಿಲ್ಲ. ನನ್ನ ಕಡೆ ಒಂದು ಕಿವಿ ತಿರುಗಿಸಿಕೊಂಡು ನಿಂತಿದ್ದ.

ಕಾಲು ಎತ್ತಿ ನೋಡಿದೆ. ಗೊರಸಿನ ಅಡಿಯಲ್ಲಿ ಬಟ್ಟಲು ಕವುಚಿಟ್ಟ ಹಾಗೆ ಮಂಜುಗಡ್ಡೆ. ಉರುಟಾಗಿ, ನುಣ್ಣಗೆ, ಕಲ್ಲಿನಷ್ಟು ಗಟ್ಟಿ. ನಾಲ್ಕೂ ಕಾಲಿಗೆ. ಅರ್ಧ ಗಂಟೆ ಆ ಜೀವ ನಾಲ್ಕು ಗುಂಡುಗಳ ಮೇಲೆ ನನ್ನನ್ನು ಹೊತ್ತುಕೊಂಡು ನಡೆದಿತ್ತು. ಉಗುರಿನಿಂದ ಕೆರೆದೆ, ಏನೂ ಆಗಲಿಲ್ಲ. ಕಲ್ಲು ಹುಡುಕಿದೆ, ಎಲ್ಲ ಹಿಮದಡಿ. ಕೊನೆಗೆ ಜೀನಿನಿಂದ ಒಂದು ರಿಕಾಪು, ಅಂದರೆ ಸವಾರ ಕಾಲಿಡುವ ಬಳೆ, ಬಿಚ್ಚಿದೆ. ಅದರ ಕಬ್ಬಿಣದ ಅಂಚಿನಿಂದ ಮೆಲ್ಲಗೆ ಕುಟ್ಟಿ ಕುಟ್ಟಿ ಬಿಡಿಸಿದೆ. ಗಡ್ಡೆ ಇಡಿಯಾಗಿ ಕಳಚಿ ಬಿತ್ತು. ತಿರುಗಿಸಿ ನೋಡಿದರೆ ಲಾಳದ ಅಚ್ಚು ಅದರಲ್ಲಿ ಸ್ಪಷ್ಟವಾಗಿ ಮೂಡಿತ್ತು, ಮೊಳೆಯ ತಲೆಗಳ ಸಮೇತ. ಒಳಗೆ ಎರಡು ಎಳೆ ಹಳದಿ ಹುಲ್ಲು ಸಿಕ್ಕಿಕೊಂಡಿತ್ತು. ಅವತ್ತು ಮತ್ತೆ ಅವನ ಮೇಲೆ ಕೂರಲಿಲ್ಲ. ಲಗಾಮು ಹಿಡಿದು ನಡೆಸಿಕೊಂಡು ಬಂದೆ. ನೂರಿನ್ನೂರು ಹೆಜ್ಜೆಗೊಮ್ಮೆ ಮತ್ತೆ ಗಡ್ಡೆ ಕಟ್ಟುತ್ತಿತ್ತು, ಮತ್ತೆ ನಿಂತು ಕುಟ್ಟಬೇಕು. ಮೂರನೆಯ ಸಲವೋ ನಾಲ್ಕನೆಯ ಸಲವೋ ಇರಬೇಕು, ನಾನು ಬಗ್ಗಿದ್ದು ನೋಡಿ ಕೇಳುವ ಮೊದಲೇ ಅವನು ಕಾಲು ಎತ್ತಿ ಹಿಡಿದ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಕೂತು ಯೋಚಿಸಿದೆ. ಗೊರಸಿನ ಅಡಿಭಾಗಕ್ಕೆ ಮೈಯ ಬಿಸಿ ಸ್ವಲ್ಪ ಇರುತ್ತದೆ. ಅದು ತಾಗಿದ ಹಿಮ ಕೊಂಚ ಕರಗುತ್ತದೆ. ಪಕ್ಕದಲ್ಲೇ ತಣ್ಣಗಿನ ಕಬ್ಬಿಣದ ಲಾಳ. ಕರಗಿದ ನೀರು ಅದಕ್ಕೆ ತಾಗಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಇನ್ನೊಂದು ಹೆಜ್ಜೆಯ ಹಿಮ, ಇನ್ನೊಂದು ಪದರ. ಚಳಿ ಕಡಿಮೆ ಇದ್ದು ಹಿಮ ಅಂಟಂಟಾಗಿದ್ದ ದಿನವೇ ಇದು ಜಾಸ್ತಿ. ಮೈನಸ್ 15ರ ಹಿಟ್ಟಿನಂಥ ಹಿಮ ಅಷ್ಟಾಗಿ ಕಟ್ಟುವುದಿಲ್ಲ. ಲಾಳವೇ ಇಲ್ಲದ ಗೊರಸಿಗೂ ಕಟ್ಟುತ್ತದೆ, ಆದರೆ ಕಡಿಮೆ. ಹೆಜ್ಜೆ ಇಡುವಾಗ ಗೊರಸು ಒಂದಿಷ್ಟು ಹಿಗ್ಗಿ ಕುಗ್ಗುವುದರಿಂದ ತಾನೇ ಉದುರಿಹೋಗುತ್ತದೆ. ಬೆನ್ನ ಮೇಲೆ ನಾಲ್ಕು ಬೆರಳು ಹಿಮ ಬಿದ್ದರೂ ಒಳಗಿನ ಬಿಸಿ ಬಿಟ್ಟುಕೊಡದ ಮೈ ಅದು. ಅವನಿಗೆ ಆಪತ್ತು ಬಂದದ್ದು ನಾವು ಹೊಡೆದ ಕಬ್ಬಿಣದ ಜಾಗದಲ್ಲಿ. ನಾನು ಬೆನ್ನು ನೋಡಿ ಕಣ್ಣೀರು ಹಾಕಿದ್ದೆ, ಕಾಲಡಿ ನೋಡಿರಲಿಲ್ಲ.

ಈಗ ಹಿಮಗಾಲ ಶುರುವಾಗುವ ಮೊದಲೇ ಅವನ ಲಾಳ ಬದಲಾಗುತ್ತದೆ. ಲಾಳ ಮತ್ತು ಗೊರಸಿನ ನಡುವೆ ಒಂದು ರಬ್ಬರ್ ಪ್ಯಾಡ್ ಇಡುತ್ತಾರೆ. ಅದರ ನಡುವೆ ಗುಳ್ಳೆಯಂಥ ಉಬ್ಬು ಇದೆ. ಭಾರ ಬಿದ್ದಾಗ ಅದು ಒಳಗೆ ಹೋಗಿ, ಕಾಲು ಎತ್ತಿದಾಗ ಹೊರಗೆ ಪುಟಿದು ಹಿಮವನ್ನು ಚಿಮ್ಮಿಬಿಡುತ್ತದೆ. ಸಾದಾ ಕೆಲಸ, ಆದರೆ ನೋಡಿದಾಗಲೆಲ್ಲ ಮಾಡಿದವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಗಟ್ಟಿ ಮಂಜುಗಡ್ಡೆಯ ಮೇಲೆ ಜಾರದಿರಲು ಲಾಳಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಸಣ್ಣ ಮೊಳೆಗಳು. ಇದರಲ್ಲೂ ಅತಿ ಮಾಡಬಾರದು. ನೆಲಕ್ಕೆ ಕಾಲು ತಾಗಿದಾಗ ಸ್ವಾಭಾವಿಕವಾಗಿ ಕೊಂಚ ಜಾರಿ ನಿಲ್ಲಬೇಕು. ಮೊಳೆ ಗಟ್ಟಿಯಾಗಿ ಕಚ್ಚಿಕೊಂಡರೆ ಆ ಪೆಟ್ಟು ಕೀಲಿಗೆ ಬೀಳುತ್ತದೆ. ಹೊರಡುವ ಮುಂಚೆ ಗೊರಸಿನ ಅಡಿಗೆ ವ್ಯಾಸಲೀನ್ ಬಳಿಯುವವರೂ ಇದ್ದಾರೆ. ಸ್ವಲ್ಪ ದೂರಕ್ಕೆ ಅದು ಸಾಕು. ಕೊಕ್ಕೆ ಮಾತ್ರ ಈಗ ನನ್ನ ಜೇಬಿನಲ್ಲೇ ಇರುತ್ತದೆ, ಬೇಸಿಗೆಯಲ್ಲೂ.

ನೆಪೋಲಿಯನ್ 1812ರಲ್ಲಿ ಮಾಸ್ಕೋದಿಂದ ಹಿಂದಿರುಗುವಾಗಿನ ಕಥೆ ಎಲ್ಲರಿಗೂ ಗೊತ್ತು. ಅವನ ಕುದುರೆ ಲಾಯಗಳ ಮುಖ್ಯಸ್ಥನಾಗಿದ್ದ ಕೋಲೆಂಕೂರ್ ತನ್ನ ನೆನಪುಗಳಲ್ಲಿ ಬರೆದಿಟ್ಟ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಸೈನ್ಯದ ಕುದುರೆಗಳಿಗೆ ಮಂಜುಗಡ್ಡೆಗೆ ತಕ್ಕ ಲಾಳ ಹೊಡೆಸಿರಲಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ ದಾರಿಯಲ್ಲಿ ಅವು ಜಾರಿ ಬಿದ್ದವು. ಹಸಿವು, ದಣಿವು ಬೇರೆ. ಬಿದ್ದವು ಏಳಲಿಲ್ಲ. ಕೋಲೆಂಕೂರ್ ತಾನು ನೋಡಿಕೊಳ್ಳುತ್ತಿದ್ದ ಚಕ್ರವರ್ತಿಯ ಮನೆಯ ಕುದುರೆಗಳಿಗೆ ಮಾತ್ರ ಮುಂಚೆಯೇ ಮೊನೆಯುಳ್ಳ ಲಾಳ ಹೊಡೆಸಿದ್ದ. ಅಷ್ಟು ದೊಡ್ಡ ಸೈನ್ಯದಲ್ಲಿ ಯಾರೋ ಕೆಲವರು ಕಾಲಡಿ ನೋಡಿದ್ದರು, ಉಳಿದವರು ನೋಡಿರಲಿಲ್ಲ. ಆ ಇಳಿಜಾರಿನಲ್ಲಿ ನನ್ನ ಕುದುರೆ ಎದ್ದೇಳಲು ಹೋಗಿ ಹೋಗಿ ಜಾರಿದ್ದನ್ನು ನೋಡಿದ ಮೇಲೆ ನನಗೆ ಆ ಇತಿಹಾಸ ಬರೀ ಓದಿದ ಸಂಗತಿಯಾಗಿ ಉಳಿದಿಲ್ಲ.

ನಡಿಗೆ

ಹಿಮದ ಸವಾರಿ ಅಂದರೆ ಕುದುರೆ ಹಿಮದ ಪುಡಿ ಎಬ್ಬಿಸುತ್ತಾ ನಾಗಾಲೋಟದಲ್ಲಿ ಹೋಗುವ ಚಿತ್ರ ಕಣ್ಣಿಗೆ ಬರುತ್ತದೆ ಅಲ್ವಾ. ಅಂಥ ದಿನಗಳೂ ಇವೆ. ನೆಲ ಪರಿಚಯದ್ದು, ಹಿಮ ಒಣಗಿದ್ದು, ಹತ್ತಿಪ್ಪತ್ತು ಸೆಂಟಿಮೀಟರ್ ಆಳ ಇದ್ದರೆ ಅವನೇ ಓಡಬೇಕು ಅನ್ನುತ್ತಾನೆ. ಹೆಚ್ಚಿನ ದಿನ ನಾವು ನಡೆಯುತ್ತೇವೆ. ಮೊಣಕಾಲಿನ ಹತ್ತಿರ ಬರುವ ಹಿಮದಲ್ಲಿ ನಡೆಯುವುದು ಆಳವಾದ ಮರಳಿನಲ್ಲಿ ನಡೆದಂತೆ. ಪ್ರತಿ ಹೆಜ್ಜೆಗೂ ಕಾಲು ಎತ್ತಿ ಎತ್ತಿ ಇಡಬೇಕು. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ, ಮೂಳೆ ಮತ್ತು ಸ್ನಾಯುರಜ್ಜು ಮಾತ್ರ. ಅದಕ್ಕೇ ಅವನ ಕಾಲು ಹಿಮದಲ್ಲಿ ಅಷ್ಟು ಸುಲಭವಾಗಿ ಸೆಟೆಯುವುದಿಲ್ಲ. ಆದರೆ ಆ ರಜ್ಜು ಎಳೆದುಹೋದರೆ ವಾಸಿಯಾಗಲು ತಿಂಗಳುಗಳೇ ಬೇಕು. ಹಾಗಾಗಿ ಇಪ್ಪತ್ತು ನಿಮಿಷದ ಹಿಮದ ನಡಿಗೆ ಒಂದು ಗಂಟೆಯ ಸವಾರಿಗೆ ಸಮ ಅಂತ ನಾನು ಲೆಕ್ಕ ಹಾಕುತ್ತೇನೆ. ಚಳಿ ಮೈನಸ್ 10ಕ್ಕಿಂತ ಕೆಳಗಿಳಿದರೆ ಓಟವೇ ಇಲ್ಲ. ತಣ್ಣನೆಯ ಒಣಗಾಳಿಯನ್ನು ಜೋರಾಗಿ ಎಳೆದುಕೊಂಡರೆ ಶ್ವಾಸನಾಳ ಒಣಗಿ ಉರಿಯೂತ ಬರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಎರಡು ದಿನದ ನಂತರ ಕೆಮ್ಮು.

ನಡಿಗೆಯಲ್ಲಿ ಸಿಗುವ ಸುಖವೇ ಬೇರೆ. ಹೊಸ ಹಿಮ ಸದ್ದನ್ನು ನುಂಗುತ್ತದೆ. ಅದರ ಹರಳುಗಳ ನಡುವಿನ ಸಂದುಗಳಲ್ಲಿ ಶಬ್ದ ಸಿಕ್ಕಿಬಿದ್ದು ಸತ್ತುಹೋಗುತ್ತದೆ. ದೂರದ ರಸ್ತೆ ಇಲ್ಲವೇ ಇಲ್ಲ ಅನ್ನಿಸುತ್ತದೆ. ಉಳಿಯುವುದು ಜೀನಿನ ಚರ್ಮದ ಕಿರುಗುಟ್ಟುವಿಕೆ, ಅವನ ಉಸಿರು, ಗೊರಸು ಹಿಮ ಒತ್ತುವ ಸದ್ದು. ಅವನು ಬೇಸಿಗೆಯಲ್ಲಿ ಹೀಗೆ ನಡೆಯುವುದಿಲ್ಲ. ಹಿಮದಲ್ಲಿ ಕತ್ತು ಇಳಿಬಿಟ್ಟು, ಮೂಗು ನೆಲದ ಹತ್ತಿರ ತಂದು, ಫೂ ಅಂತ ಊದಿ, ಆಮೇಲೆ ಕಾಲಿಡುತ್ತಾನೆ. ನಾನು ಲಗಾಮು ಉದ್ದ ಬಿಡುತ್ತೇನೆ. ಮೊದಲು ಇದು ನನಗೆ ಆಗುತ್ತಿರಲಿಲ್ಲ. ಜಾರುತ್ತಾನೆ ಅಂತ ಹೆದರಿ ಬಿಗಿಯಾಗಿ ಹಿಡಿಯುತ್ತಿದ್ದೆ. ಬಿಗಿ ಹಿಡಿದರೆ ಅವನ ಕತ್ತು ಮೇಲೇ ಇರುತ್ತದೆ, ಕೆಳಗೆ ನೋಡಲಾಗುವುದಿಲ್ಲ, ತೂಕ ಸಮ ಮಾಡಿಕೊಳ್ಳಲೂ ಆಗುವುದಿಲ್ಲ. ನನ್ನ ಹೆದರಿಕೆ ನೇರವಾಗಿ ಅವನ ಬಾಯಿಗೆ ಹೋಗುತ್ತಿತ್ತು. ಇದೂ ಆ ಕಂಬಳಿಯಂಥದೇ. ನನ್ನದನ್ನು ಅವನ ಮೇಲೆ ಹೊದಿಸಿದ್ದು.

ಒಂದು ಮಾತು ನಡುವೆ. ದಪ್ಪ ಬೂಟು ಹಾಕಿಕೊಂಡು ಸಾಮಾನ್ಯ ರಿಕಾಪಿನಲ್ಲಿ ಕಾಲು ತುರುಕಬೇಡಿ. ಬಿದ್ದಾಗ ಕಾಲು ಸಿಕ್ಕಿಕೊಂಡರೆ ಕುದುರೆ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಬೂಟಿನ ಎರಡು ಪಕ್ಕದಲ್ಲೂ ಒಂದೊಂದು ಬೆರಳಿನಷ್ಟು ಜಾಗ ಇರಬೇಕು. ಕಾಲು ಮರಗಟ್ಟಿದರೆ ಇಳಿದು ನಡೆಯುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಅವನಿಗೂ ಬೆನ್ನು ಹಗುರಾಗುತ್ತದೆ. ಜೀನಿಲ್ಲದೆ ಕೂರುವ ಅಭ್ಯಾಸ ಇದ್ದವರಿಗಂತೂ ಬೇರೆ ಬಿಸಿಯೇ ಬೇಡ. ಕುದುರೆಯ ಮೈ ಸುಮಾರು 38 ಡಿಗ್ರಿ ಇರುತ್ತದೆ, ನಮ್ಮದಕ್ಕಿಂತ ಕೊಂಚ ಹೆಚ್ಚೇ.

ಬೆವರು

ಹಿಮದಲ್ಲಿ ಕುದುರೆಗೆ ಅಪಾಯ ಶುರುವಾಗುವುದು ಸವಾರಿ ಮುಗಿದ ಮೇಲೆ ಅಂತ ಈಗ ನಾನು ನಂಬುತ್ತೇನೆ. ಅಷ್ಟು ದಪ್ಪ ಕೂದಲು ಹೊತ್ತು ಓಡಿದರೆ ಬೆವರುತ್ತದೆ. ಮೇಲೆ ನೋಡಿದರೆ ತಿಳಿಯುವುದಿಲ್ಲ, ಜೀನಿನ ಕೆಳಗೆ, ಎದೆಯ ಸಂದಿನಲ್ಲಿ, ತೊಡೆಯ ಒಳಗೆ ಕೈ ಹಾಕಿದರೆ ಒದ್ದೆ. ಆ ಒದ್ದೆ ಒಣಗದೆ ರಾತ್ರಿ ಬಯಲಿಗೆ ಹೋದರೆ ಆ ಒಳ್ಳೆಯ ಕೂದಲು ಇದ್ದೂ ಇಲ್ಲದ ಹಾಗೆ. ಅದಕ್ಕೇ ಕೊನೆಯ ಕಾಲು ಗಂಟೆ ನಾವು ನಡೆದೇ ಬರುತ್ತೇವೆ. ಬಂದ ಮೇಲೆ ಉಣ್ಣೆಯ ಹೊದಿಕೆ ಹಾಕುತ್ತೇನೆ. ಉಣ್ಣೆ ಬೆವರನ್ನು ಚರ್ಮದಿಂದ ಹೊರಕ್ಕೆ ಎಳೆಯುತ್ತದೆ. ಸ್ವಲ್ಪ ಹೊತ್ತಿಗೆ ಹೊದಿಕೆಯ ಹೊರಮೈ ಮೇಲೆ ಸಣ್ಣ ಸಣ್ಣ ಹನಿಗಳು ಸಾಲಾಗಿ ನಿಲ್ಲುತ್ತವೆ, ಒಳಗೆ ಮುಟ್ಟಿದರೆ ಒಣಗಿರುತ್ತದೆ. ಆಮೇಲೆ ಒಣಹುಲ್ಲಿನ ಹಿಡಿ ಮಾಡಿಕೊಂಡು ಕೂದಲಿನ ಎದುರು ದಿಕ್ಕಿಗೆ ಉಜ್ಜುವುದು. ಒಮ್ಮೊಮ್ಮೆ ಒಣಗಲು ಸವಾರಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಆ ಹೊತ್ತು ನನಗೆ ಇಲ್ಲದ ದಿನ ನಾನು ಸವಾರಿಗೇ ಹೋಗುವುದಿಲ್ಲ.

ಬೆವರಿನ ವಿಷಯ ಬಂದಾಗ ದಕ್ಷಿಣ ಧ್ರುವಕ್ಕೆ ಹೋದ ಕುದುರೆಗಳು ನೆನಪಾಗುತ್ತವೆ. ಬ್ರಿಟಿಷ್ ಅನ್ವೇಷಕ ಸ್ಕಾಟ್ 1910ರಲ್ಲಿ ಹೊರಟಾಗ 19 ಪುಟ್ಟ ಕುದುರೆಗಳನ್ನು ಹಡಗಿನಲ್ಲಿ ಒಯ್ದ. ಅವುಗಳ ಹೊಣೆ ಓಟ್ಸ್ ಎಂಬ ಸೈನ್ಯಾಧಿಕಾರಿಯದು. ಹಿಮದಲ್ಲಿ ಬಂಡಿ ಎಳೆಯುವ ನಾಯಿ ಚರ್ಮದಿಂದ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ತಣ್ಣಗಾಗುತ್ತದೆ. ಹಿಮದಲ್ಲಿ ಗುಂಡಿ ತೋಡಿ ಮಲಗುತ್ತದೆ. ಕುದುರೆಗೆ ಇಡೀ ಮೈ ಬೆವರು. ಗಾಳಿಗೆ ಅದು ಮೈಮೇಲೇ ಹೆಪ್ಪುಗಟ್ಟುತ್ತದೆ. ಚೂಪು ಗೊರಸು ಮೆತ್ತನೆಯ ಹಿಮದಲ್ಲಿ ಹೊಟ್ಟೆಯವರೆಗೂ ಹೂತುಹೋಗುತ್ತದೆ. ಆ ಜನ ಪ್ರತಿ ಬಿಡಾರದಲ್ಲೂ ತಮ್ಮ ಡೇರೆಯ ಕೆಲಸದ ಜೊತೆಗೆ ಹಿಮದ ಇಟ್ಟಿಗೆ ಕತ್ತರಿಸಿ ಕುದುರೆಗಳಿಗೆ ಗಾಳಿ ತಡೆಯುವ ಗೋಡೆ ಕಟ್ಟುತ್ತಿದ್ದರು. ರಾತ್ರಿಯ ಕೊರೆವ ಹೊತ್ತಿನಲ್ಲಿ ನಡೆದು, ಕೊಂಚ ಬೆಚ್ಚಗಿನ ಹಗಲಿನಲ್ಲಿ ಅವುಗಳಿಗೆ ವಿಶ್ರಾಂತಿ ಕೊಡುತ್ತಿದ್ದರು. ಅಷ್ಟು ಮಾಡಿದರೂ ಧ್ರುವದ ದಾರಿಯಲ್ಲಿ ಕೊನೆಗೆ ಉಳಿದ ಕುದುರೆಗಳನ್ನು 1911ರ ಡಿಸೆಂಬರ್ 9ರಂದು ಗುಂಡಿಕ್ಕಿ ಕೊಲ್ಲಬೇಕಾಯಿತು. ಆ ಗೋಡೆಗಳ ಬಗ್ಗೆ ಯೋಚಿಸಿದಾಗ ಮನಸ್ಸು ಭಾರವಾಗುತ್ತದೆ. ಅವರ ಆರೈಕೆಯಲ್ಲಿ ಕೊರತೆ ಇರಲಿಲ್ಲ. ಕುದುರೆಯ ಮೈ ಆ ಜಾಗಕ್ಕೆ ಆದದ್ದಲ್ಲ, ಅಷ್ಟೇ.

ಇನ್ನೊಂದು ಕಡೆ ಸೈಬೀರಿಯಾದ ಯಾಕೂತಿಯಾ. ಅಲ್ಲಿನ ಕುದುರೆಗಳು ಮೈನಸ್ 50 ದಾಟಿದರೂ ಸೂರಿಲ್ಲದೆ ಬಯಲಲ್ಲೇ ಇರುತ್ತವೆ. ಗಿಡ್ಡ ಕಾಲು, ತುಂಬಿದ ಮೈ, ಪೊದೆಯಂಥ ಕೂದಲು. ಮುಂಗಾಲಿನಿಂದ ಹಿಮ ಕೆದಕಿ ಕೆಳಗಿನ ಹುಲ್ಲು ತಿನ್ನುತ್ತವೆ. ಅವುಗಳ ವಂಶವಾಹಿ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂತು. ಕೆಲವು ನೂರು ವರ್ಷಗಳ ಹಿಂದೆ ಯಾಕೂತ್ ಜನರ ಜೊತೆ ಅಲ್ಲಿಗೆ ಬಂದ ಕುದುರೆಗಳ ಸಂತತಿ ಅವು, ಸುಮಾರು 800 ವರ್ಷದೊಳಗೆ ಆ ಚಳಿಗೆ ಹೊಂದಿಕೊಂಡಿವೆ ಅಂತ ಗೊತ್ತಾಯಿತು. ಅಲ್ಲಿಗೆ ಹೋಗಿ ಒಮ್ಮೆ ಆ ಕೂದಲೊಳಗೆ ಕೈ ಹಾಕಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಬಕೆಟ್ಟು

ಚಳಿಗಾಲದಲ್ಲಿ ಕುದುರೆಗೆ ಕೊಡುವ ಎಲ್ಲದರಲ್ಲಿ ದೊಡ್ಡದು ಯಾವುದು ಅಂತ ಕೇಳಿದರೆ ನಾನು ಒಂದು ಬಕೆಟ್ ಬೆಚ್ಚಗಿನ ನೀರು ಅನ್ನುತ್ತೇನೆ. ಒಣಹುಲ್ಲು ತಿನ್ನುವ ಕುದುರೆಗೆ ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕು. ನೀರು ತೀರಾ ತಣ್ಣಗಿದ್ದರೆ ಕಡಿಮೆ ಕುಡಿಯುತ್ತದೆ. ನೀರು ಸಾಲದೆ ಹುಲ್ಲು ಕರುಳಿನಲ್ಲಿ ಗಟ್ಟಿಯಾಗಿ ಕೂತು ಹೊಟ್ಟೆನೋವು ಬರುತ್ತದೆ. ಕುದುರೆ ಸಾಕಿದವರಿಗೆ ಆ ಹೆಸರು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಸುತ್ತ ಹಿಮ ಇದೆಯಲ್ಲ, ಅದನ್ನೇ ತಿನ್ನಲಿ ಅನ್ನುವವರು ಲೆಕ್ಕ ಮಾಡಬೇಕು. ಹೊಸ ಹಿಮ ಹತ್ತು ಬಕೆಟ್ ಕರಗಿದರೆ ನೀರು ಒಂದು ಬಕೆಟ್. 30 ಲೀಟರ್ ನೀರಿಗೆ 300 ಲೀಟರ್ ಹಿಮ ತಿನ್ನಬೇಕು, ಅದನ್ನು ಕರಗಿಸುವ ಬಿಸಿಯನ್ನೂ ತನ್ನ ಮೈಯಿಂದಲೇ ಕೊಡಬೇಕು. ನಾನು ಬೆಚ್ಚಗಿನ ನೀರು ಇಟ್ಟಾಗ ಅವನು ಮೂಗಿನ ತುದಿ ಮಾತ್ರ ಮುಳುಗಿಸಿ, ಕಿವಿ ಹಿಂದೆ ಮುಂದೆ ಆಡಿಸುತ್ತಾ, ಒಂದೇ ಸಮ ಎಳೆಯುತ್ತಾನೆ. ಗುಟುಕು ಇಳಿಯುವುದು ಕತ್ತಿನಲ್ಲಿ ಕಾಣುತ್ತದೆ. ನಾನು ಎಣಿಸುತ್ತೇನೆ. ನಲವತ್ತು ದಾಟಿದರೆ ಸಮಾಧಾನ.

ಕಳೆದ ವಾರ ಈ ವರ್ಷದ ಮೊದಲ ದೊಡ್ಡ ಹಿಮ ಬಿತ್ತು. ಬೆಳಗ್ಗೆ ಹೋದೆ. ಅವನು ಅದೇ ಜಾಗದಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತಿದ್ದ. ಈಗ ಅವನಿಗೆ 21. ಪಕ್ಕೆಯ ಮೇಲೆ ಕೈ ಒತ್ತಿ ಎಲುಬು ಎಷ್ಟು ಸಿಗುತ್ತದೆ ನೋಡಿದೆ. ತುಂಬಿಕೊಂಡಿದ್ದ. ನಾಲ್ಕೂ ಗೊರಸು ಎತ್ತಿ ನೋಡಿದೆ, ಚೊಕ್ಕವಾಗಿದ್ದವು. ಬಕೆಟ್ ಇಟ್ಟೆ, ಕುಡಿದ. ಆಮೇಲೆ ಬೆನ್ನ ಮೇಲಿನ ಹಿಮದಲ್ಲಿ ಬೆರಳು ತೂರಿಸಿ ಅದೇ ಬಿಸಿಗಾಗಿ ಹುಡುಕಿದೆ. ಸಿಕ್ಕಿತು. ಕಡಿವಾಣ ಕಂಕುಳಲ್ಲಿ ಬೆಚ್ಚಗಾಗುತ್ತಿತ್ತು. ಅವನು ಕುಡಿದು ಮುಗಿಸಿ ತಲೆ ಎತ್ತಿದ, ಒಂದು ಸಲ ದೀರ್ಘವಾಗಿ ಉಸಿರುಬಿಟ್ಟ, ಮೂಗಿನಿಂದ ಬಾಲದವರೆಗೆ ಮೈ ಕೊಡವಿದ. ರಾತ್ರಿಯಿಡೀ ಅವನ ಬೆನ್ನ ಮೇಲೆ ಹಾಗೇ ಕೂತಿದ್ದ ಹಿಮವೆಲ್ಲ ಎದ್ದು ನನ್ನ ಮುಖ, ಕತ್ತಿನ ಮೇಲೆ ಬಿತ್ತು. ಬಿದ್ದ ಕೂಡಲೇ ಕರಗಿತು.